ಪಾಚಿ ತಂದವರೇ ಪಾಚಿ ತೆಗೆಯಲಿ

ರಾಮೇಶ್ವರಕ್ಕೂ ತೂತ್ತುಕುಡಿಗೂ ನಡುವೆ ಸಾಲಾಗಿ ಹಬ್ಬಿರುವ 21 ಕಿರುದ್ವೀಪಗಳನ್ನು ಒಳಗೊಂಡು 1986ರಲ್ಲಿ ಸ್ಥಾಪಿತವಾದ ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನವು, ಕಾನೂನಿನ ಕಾವಲು ಎಷ್ಟೇ ಬಿಗಿಯಾಗಿದ್ದರೂ, ಒಳನುಗ್ಗತಕ್ಕ ಶತ್ರುವನ್ನು ನಾವೇ ಕೈಹಿಡಿದು ಕರೆತಂದ ಮೇಲೆ ಆ ಕಾವಲಿನಿಂದ ಪ್ರಯೋಜನವೇನು ಎಂಬ ಪ್ರಶ್ನೆಯನ್ನು ಬಹುಕಾಲದಿಂದ ಕೇಳುತ್ತಲಿದೆ. ಅದಕ್ಕೆ ನೇರವಾದ ಉತ್ತರ ಇನ್ನೂ ದೊರೆತಿಲ್ಲ.

ಈ ದ್ವೀಪಗಳ ಸುತ್ತಲೂ, ಉತ್ತರದ ಪಾಕ್ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿಯೂ ಕಡಲಹುಲ್ಲಿನ ವಿಸ್ತಾರವಾದ ಬಯಲುಗಳುಂಟು. ಕಡಲಹುಲ್ಲು ಪಾಚಿಯಲ್ಲ; ಬೇರು, ಕಾಂಡ, ಎಲೆಗಳನ್ನುಳ್ಳ, ಹೂ ಬಿಟ್ಟು ಬೀಜ ಕಟ್ಟತಕ್ಕ ನಿಜವಾದ ಸಸ್ಯ. ಗಾಳಿ ಸುಳಿಯದ ಉಪ್ಪುನೀರಿನ ಗರ್ಭದಲ್ಲಿ ತನ್ನ ಪರಾಗವನ್ನು ಪ್ರವಾಹಕ್ಕೇ ಒಪ್ಪಿಸಿ ವಂಶವನ್ನು ಬೆಳೆಸುವ ಈ ಹುಲ್ಲು, ಬೇರುಗಳಿಂದ ಮರಳನ್ನು ಹಿಡಿದಿಟ್ಟು, ಎಲೆಗಳಿಂದ ನೀರನ್ನು ತಿಳಿಗೊಳಿಸಿ, ಸಿಗಡಿಗೂ ಏಡಿಗೂ ಮೀನಿನ ಮರಿಗಳಿಗೂ ತೊಟ್ಟಿಲಾಗಿದೆ. ತಮಿಳು ಬೆಸ್ತರು ಆವುಳಿಯಾ ಎಂದು ಕರೆಯುವ ಕಡಲಹಸುವಿಗಂತೂ ಇದೇ ಜೀವನಾಧಾರ. ದಿನಕ್ಕೆ 30–40 ಕಿಲೋ ಹುಲ್ಲನ್ನು ಬೇರುಸಹಿತ ಮೇಯುವ ಈ ಸಾಧುಪ್ರಾಣಿಯು, ವರುಷಕ್ಕೂ ಮಿಗಿಲಾಗಿ ಗರ್ಭವನ್ನು ಧರಿಸಿ ಒಂದೇ ಮರಿಯನ್ನು ಈಯುತ್ತದೆ. ಮುಂದಿನ ಮರಿಗೆ ಹಲವು ವರುಷಗಳೇ ಬೇಕು. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯನ್ನು ಉಳಿಸಬೇಕಾದರೆ ಅದರ ಹುಲ್ಲುಗಾವಲು ಕೆಡದಂತೆ ನೋಡಿಕೊಳ್ಳುವುದಲ್ಲದೆ ಬೇರೆ ಮಾರ್ಗವಿಲ್ಲ. ತಮಿಳುನಾಡು ಸರಕಾರವು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ದೇಶದ ಮೊದಲನೆಯ ಕಡಲಹಸು ಸಂರಕ್ಷಣಾ ಪ್ರದೇಶವೆಂದು ಘೋಷಿಸಿದ್ದು ಈ ದೃಷ್ಟಿಯಿಂದ ಸ್ತುತ್ಯವಾದ ಕಾರ್ಯ.

ಇನ್ನು ಕರೆತಂದ ಅತಿಥಿಯ ವಿಚಾರ. ಆಗ್ನೇಯ ಏಷ್ಯದ ಸಮುದ್ರಗಳಿಗೆ ಸೇರಿದ ಕಪ್ಪಾಫೈಕಸ್ ಎಂಬ ಪಾಚಿಯಿಂದ ಕ್ಯಾರಗೀನನ್ ಎಂಬ ಅಂಟುಪದಾರ್ಥ ದೊರೆಯುತ್ತದೆ. ನಮ್ಮ ಮಕ್ಕಳು ತಿನ್ನುವ ಐಸ್‌ಕ್ರೀಮಿಗೂ, ನಾವು ಹಲ್ಲುಜ್ಜುವ ಪೇಸ್ಟಿಗೂ ಗಟ್ಟಿತನವನ್ನು ಕೊಡುವುದು ಅನೇಕ ವೇಳೆ ಇದೇ. 1980ರ ದಶಕದಲ್ಲಿ ಸರಕಾರಿ ಸಂಶೋಧನಾ ಸಂಸ್ಥೆಯ ಮೂಲಕ ನಮ್ಮ ದೇಶಕ್ಕೆ ಬಂದ ಈ ಪಾಚಿ, ರಾಮೇಶ್ವರದ ಬಳಿಯ ಮಂಡಪಂ ಕರಾವಳಿಯಲ್ಲಿ ಪ್ರಯೋಗಗೊಂಡು, 2000ದ ಸುಮಾರಿಗೆ ಕಂಪನಿಗಳ ಕೈಸೇರಿ ವಾಣಿಜ್ಯದ ಬೆಳೆಯಾಯಿತು. ಬಿದಿರಿನ ತೆಪ್ಪಕ್ಕೆ ಹಗ್ಗಗಳನ್ನು ಬಿಗಿದು, ಹಗ್ಗಕ್ಕೆ ಪಾಚಿಯ ತುಣುಕುಗಳನ್ನು ಕಟ್ಟಿ ತೇಲಿಬಿಟ್ಟರೆ ಸುಮಾರು 45 ದಿನಗಳಲ್ಲಿ ಬೆಳೆ ಕೈಗೆ ಬರುತ್ತದೆ. ಆದರೆ ತುಣುಕಿನಿಂದಲೇ ಬೆಳೆಯುವ ಈ ಗುಣವೇ ಅನರ್ಥಕ್ಕೂ ಮೂಲವಾಯಿತು. ಅಲೆಯ ಹೊಡೆತಕ್ಕೆ ಕಳಚಿಕೊಂಡ ಚೂರುಗಳು ತೇಲಿಹೋಗಿ, ಉದ್ಯಾನಕ್ಕೆ ಸೇರಿದ ಕುರುಸಡೈ ದ್ವೀಪದ ಸುತ್ತ ಜೀವಂತವಾದ ಹವಳದ ಮೇಲೆ ನೆಲೆಯೂರಿರುವುದನ್ನು ವಿಜ್ಞಾನಿಗಳು 2008ರಲ್ಲಿ, ನಮ್ಮ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಪ್ರಕಟಿಸಿದರು. ಬೆರಳುಗಾತ್ರದ ಗಡುಸಾದ ಕವಲುಗಳು ಹವಳದ ಕೊಂಬೆಗಳನ್ನು ಸುತ್ತಿ, ಹೆಣೆದು, ಕೊನೆಗೆ ದಪ್ಪನೆಯ ಹೊದಿಕೆಯಾಗಿ ಮುಚ್ಚಿಬಿಡುತ್ತವೆ. ಬೆಳಕು ಕಾಣದ ಹವಳ ಅಡಿಯಲ್ಲಿ ಸಾಯುತ್ತದೆ. ಅರಣ್ಯ ಇಲಾಖೆಯವರು ಜನರನ್ನು ಮುಳುಗಿಸಿ ಕೈಯಿಂದಲೇ ಕೀಳಿಸಿದರೂ, ಹೊಲದಲ್ಲಿ ಬೇರು ಬಿಟ್ಟು ಗರಿಕೆ ಕಿತ್ತಂತೆ, ಹವಳದ ಸಂದಿನಲ್ಲಿ ಉಳಿದ ಚೂರು ಮತ್ತೆ ಚಿಗುರುತ್ತದೆ.

ಹುಲ್ಲಿನ ಬಯಲಿಗೂ ಈ ಪಾಚಿಯ ಕೃಷಿ ನಿರುಪದ್ರವಿಯಲ್ಲ. ಬಿಸಿಲಿಲ್ಲದೆ ಹುಲ್ಲು ಬಾಳದು. ಆಳವಿಲ್ಲದ ನೀರಿನ ಮೇಲೆ ತೆಪ್ಪಗಳು ಒತ್ತೊತ್ತಾಗಿ ನಿಂತರೆ ನೆರಳು ಬೀಳುವುದು ಅಡಿಯ ಹುಲ್ಲಿನ ಮೇಲೆಯೇ. ಪೂರ್ವ ಆಫ್ರಿಕದ ಜಾಂಜಿಬಾರಿನಲ್ಲಿ ಪಾಚಿಯ ತೋಟಗಳಿದ್ದೆಡೆ ಹುಲ್ಲು ವಿರಳವಾದುದನ್ನು ಸಂಶೋಧಕರು ಕಂಡಿದ್ದಾರೆ.

ಪಾಚಿಯ ಕೃಷಿಯಿಂದ ರಾಮನಾಥಪುರದ ಬಡ ಹೆಂಗಸರ ಸಂಸಾರಗಳು ಸಾಗುತ್ತಿವೆಯಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಮೀನು ಕಡಿಮೆಯಾದ ಕಡಲಿನಲ್ಲಿ ಅವರು ಕಂಡುಕೊಂಡ ಆಸರೆ ಅದು. ಆದರೆ ಅನ್ಯದೇಶದ ಬೀಜವನ್ನು ತರಿಸಿದವರು ಅವರಲ್ಲ, ಅದರ ಹೆಚ್ಚಿನ ಲಾಭವನ್ನು ಉಂಡವರೂ ಅವರಲ್ಲ. ಆ ಹೆಂಗಸರಿಗೆ ಮೊದಲಿನಿಂದ ಪರಿಚಿತವಾದ ಗ್ರೇಸಿಲೇರಿಯ, ಜೆಲಿಡಿಯೆಲ್ಲ ಮುಂತಾದ ಸ್ವದೇಶೀ ಪಾಚಿಗಳಿಂದ ಅಗರ್ ಎಂಬ ಅಂಟುಪದಾರ್ಥ ದೊರೆಯುತ್ತದೆ. ಇವುಗಳ ಕೃಷಿಗೆ ಸಹಾಯಧನವನ್ನೂ ನ್ಯಾಯವಾದ ಬೆಲೆಯನ್ನೂ ಒದಗಿಸಿದರೆ ಹೊಟ್ಟೆಪಾಡಿಗೂ ಕಡಲಿಗೂ ಜಗಳ ಹುಟ್ಟಲಾರದು.

ಹವಾಯಿಯ ಕನೆಓಹೆ ಕೊಲ್ಲಿಗೆ ಇದೇ ಬಗೆಯ ಪಾಚಿಯನ್ನು 1970ರ ದಶಕದಲ್ಲಿ ತಂದುದರಿಂದ, ಮುಂದೆ ನೀರಿನೊಳಗಿನಿಂದ ಪಾಚಿಯನ್ನು ಹೀರತಕ್ಕ ಯಂತ್ರಗಳನ್ನು ದೋಣಿಯಲ್ಲಿ ಕಟ್ಟಿ, ಉಳಿದುದನ್ನು ಮೇಯಲು ಕಡಲಮುಳ್ಳು (ಸೀ ಅರ್ಚಿನ್) ಎಂಬ ಪ್ರಾಣಿಗಳನ್ನು ಸಾಕಿ ಬಿಡಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಗೆ ಅಲ್ಲಿನ ಖರ್ಚೇ ಸಾಕ್ಷಿ. ಆದುದರಿಂದ ಕಡಲಿಗೆ ಹೊರಗಿನ ಜೀವಿಯನ್ನು ತರಬಯಸುವ ಸಂಸ್ಥೆಯಾಗಲಿ ಕಂಪನಿಯಾಗಲಿ, ಅದು ಎಲ್ಲೆ ಮೀರಿದ ದಿನ ತೆಗೆಯುವ ವೆಚ್ಚವನ್ನು ಮೊದಲೇ ಠೇವಣಿಯಾಗಿಡತಕ್ಕದ್ದೆಂದು ಕಾನೂನಾಗಬೇಕು; ಸಂರಕ್ಷಿತ ಪ್ರದೇಶದ ಸಮೀಪದಲ್ಲಂತೂ ಅನುಮತಿಯೇ ಸಲ್ಲದು. ಲಾಭ ಒಬ್ಬರಿಗೆ, ಕೀಳುವ ಕೆಲಸ ಸಾರ್ವಜನಿಕರ ಹಣದಲ್ಲಿ ಎಂಬ ಈಗಿನ ವ್ಯವಸ್ಥೆ ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.