ಬೆಂಕಿಪೊಟ್ಟಣದಲ್ಲಿ ಬಂದ ಪ್ರಶ್ನೆ

ಅಭ್ಯಾಸ ಬೋಧನೆಯ ವೀಕ್ಷಣಾ ಪಟ್ಟಿಯಲ್ಲಿ ಪೀಠಿಕೆಗೆ, ಕಪ್ಪುಹಲಗೆ ಬಳಕೆಗೆ, ಸಮಯಪಾಲನೆಗೆ ಅಂಕಗಳಿವೆ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆಯನ್ನು ಎದುರಿಸಿದ ಬಗೆಗೂ ಒಂದು ಅಂಕವಿರಬೇಕು ಎಂಬುದು ನನ್ನ ಅಭಿಪ್ರಾಯ. ಕಾರಣ ಇಷ್ಟೆ.

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ, ಏಳನೆಯ ತರಗತಿಯಲ್ಲಿ ‘ಉಷ್ಣ’ದ ಪಾಠ ಆರಂಭಿಸುತ್ತಿದ್ದೆ. ಒಬ್ಬ ಹುಡುಗಿ ಬೆಂಕಿಪೊಟ್ಟಣ ತೆರೆದು ತೋರಿಸಿದಳು. ರಾತ್ರಿ ಬೀದಿದೀಪದ ಕೆಳಗೆ ಸಿಕ್ಕ ದೊಡ್ಡ ಕಪ್ಪಿರುವೆ. “ಮಿಸ್, ಇದು ರಾಣಿನಾ?” ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಕುಳಿತಿದ್ದರು. “ರಾಣಿಗೆ ರೆಕ್ಕೆ ಇರುತ್ತೆ. ಇದು ಬರೀ ಗೊದ್ದ, ಕೂತ್ಕೊಮ್ಮ” ಎಂದುಬಿಟ್ಟೆ. ಸಮಯಪಾಲನೆಗೆ ಪೂರ್ಣ ಅಂಕ ಬಂತು. ಉತ್ತರ ಮಾತ್ರ ತಪ್ಪಾಗಿತ್ತು.

ಸಂಜೆ ಗ್ರಂಥಾಲಯದಲ್ಲಿ ಓದಿದಾಗ ತಿಳಿಯಿತು: ಮಳೆಯ ನಂತರ ರೆಕ್ಕೆಯುಳ್ಳ ರಾಣಿಗಳೂ ಗಂಡುಗಳೂ ಗೂಡು ಬಿಟ್ಟು ಹಾರುತ್ತವೆ, ಹಲವು ದೀಪಕ್ಕೆ ಬರುತ್ತವೆ. ಕೂಡಿದ ಮೇಲೆ ರಾಣಿ ತಾನೇ ರೆಕ್ಕೆ ಕಳಚಿ, ಗೂಡಿಗೆ ಜಾಗ ಹುಡುಕುತ್ತದೆ. ರೆಕ್ಕೆ ಇಲ್ಲವೆಂದ ಮಾತ್ರಕ್ಕೆ ರಾಣಿಯಲ್ಲ ಎನ್ನುವಂತಿಲ್ಲ.

ಮರುದಿನ ಮಕ್ಕಳೆದುರು ತಪ್ಪೊಪ್ಪಿಕೊಂಡು ಭೂತಕನ್ನಡಿ ಕೊಟ್ಟೆ. ಅಂಗಳದ ಒಂದು ಗೊದ್ದವನ್ನು ಪಕ್ಕದಲ್ಲಿಟ್ಟು ಹೋಲಿಸಿದರು. ಗಾತ್ರವೊಂದನ್ನೇ ನಂಬುವಂತಿರಲಿಲ್ಲ, ಗೊದ್ದಗಳಲ್ಲಿ ದಪ್ಪತಲೆಯ ದೊಡ್ಡ ಕೆಲಸಗಾರ ಇರುವೆಗಳೂ ಇವೆ. ಆದರೆ ಕೆಲಸಗಾರ ಇರುವೆಯ ಎದೆ ಸಪೂರ. ಇದರ ಎದೆ ಹಾರುವ ಸ್ನಾಯುಗಳಿಂದ ಉಬ್ಬಿತ್ತು. ಅದರ ಪಕ್ಕಗಳಲ್ಲಿ ರೆಕ್ಕೆ ಮುರಿದ ಗುರುತುಗಳಿದ್ದವು. ತಲೆಯ ಮೇಲೆ ಮೂರು ಚುಕ್ಕೆಗಣ್ಣುಗಳು ಕಂಡವು. “ಗೆದ್ದಲಾದರೆ?” ಎಂದ ಒಬ್ಬ. ಗೆದ್ದಲಿಗೆ ಇರುವೆಯಂತೆ ಸಣ್ಣ ಸೊಂಟವಿಲ್ಲ. ಮೀಸೆಯೂ ಮೊಣಕೈಯಂತೆ ಬಾಗದೆ ಮಣಿಸರದ ಹಾಗೆ ನೇರವಾಗಿರುತ್ತದೆ. “ಹಾಗಾದ್ರೆ ಇದು ರಾಣಿನೇ” ಎಂದು ಹುಡುಗಿಯೇ ತೀರ್ಮಾನ ಹೇಳಿದಳು. ಬಳಿಕ ಅದನ್ನು ಒದ್ದೆ ಮಣ್ಣಿನ ಮೇಲೆ ಬಿಟ್ಟು ಬಂದೆವು.

ನಲವತ್ತು ನಿಮಿಷದ ಅವಧಿಯಲ್ಲಿ ಎಲ್ಲ ಪ್ರಶ್ನೆಗೂ ಸಮಯ ಎಲ್ಲಿದೆ ಎಂದು ಸಹಪಾಠಿಗಳು ಕೇಳುತ್ತಾರೆ. ನ್ಯಾಯವೇ. ಆದರೆ ಹಲಗೆಯ ಮೂಲೆಯಲ್ಲಿ ಪ್ರಶ್ನೆಯನ್ನು ಬರೆದಿಟ್ಟು, “ನನಗೂ ಗೊತ್ತಿಲ್ಲ, ನಾಳೆ ನೋಡೋಣ” ಎನ್ನಲು ಅರ್ಧ ನಿಮಿಷ ಸಾಕು. ನಾನು ಹಾಗೆ ಹೇಳದಿದ್ದುದು ಸಮಯದ ಅಭಾವದಿಂದಲ್ಲ, ಹಿಂದಿನ ಬೆಂಚಿನ ಭಯದಿಂದ. ಆ ಹುಡುಗಿ ನನ್ನ ಮಾತು ನಂಬಿ ಪೊಟ್ಟಣವನ್ನು ಎಸೆದಿದ್ದರೆ, ತಪ್ಪು ತಿದ್ದಿಕೊಳ್ಳುವ ಅವಕಾಶವೂ ನನಗೆ ಸಿಗುತ್ತಿರಲಿಲ್ಲ. ಅದಕ್ಕೇ ಆ ಒಂದು ಅಂಕ ಬೇಕು.