ನಮ್ಮ ಬಿಜಾಪುರ, ಅವರ ಬಿಜಾಪುರ

2021ರ ಏಪ್ರಿಲ್ 4, ಭಾನುವಾರ. ನೋಯ್ಡಾದ ಮನೆಯಲ್ಲಿ ಎರಡನೇ ಸಲದ ಚಹಾ ಕುಡಿಯುತ್ತಿದ್ದೆ. ಆಫೀಸಿನ ಗೆಳೆಯನೊಬ್ಬ ಫೋನ್ ಮಾಡಿ ‘ಘರ್ ಮೇ ಸಬ್ ಠೀಕ್ ಹೈ ನಾ?’ ಎಂದ. ಕೊರೊನಾ ವಿಚಾರ ಇರಬೇಕೆಂದು ‘ಠೀಕ್ ಹೈ’ ಎಂದೆ. ‘ನಿಮ್ಮ ಬಿಜಾಪುರದಲ್ಲಿ 22 ಜವಾನರು ಸತ್ತಿದ್ದಾರಂತಲ್ಲ!’

ಟಿ.ವಿ. ಹಾಕಿದರೆ ಪರದೆ ತುಂಬ ದಪ್ಪಕ್ಷರದಲ್ಲಿ ಊರ ಹೆಸರು. ಹಿಂದಿನ ದಿನ ಛತ್ತೀಸಗಢದ ಬಿಜಾಪುರ–ಸುಕ್ಮಾ ಗಡಿಯ ಕಾಡಿನಲ್ಲಿ ಮಾವೋವಾದಿಗಳ ದಾಳಿ ನಡೆದಿತ್ತು. ‘ಅದು ನಮ್ಮದಲ್ಲಪ್ಪಾ, ಬಸ್ತರಿನದು’ ಎಂದು ನಕ್ಕುಬಿಟ್ಟೆ. ಆ ನಗು ನನಗೆ ಇವತ್ತಿಗೂ ಚುಚ್ಚುತ್ತದೆ.

ದೆಹಲಿ ಕಡೆ ಬಂದಮೇಲೆ ಈ ವಿವರಣೆ ಬಾಯಿಪಾಠವಾಗಿದೆ. ಗೋಳಗುಮ್ಮಟ ಎಂದರೆ ಶಾಲೆಯ ಇತಿಹಾಸ ಪುಸ್ತಕ ನೆನಪಿದ್ದವರು ತಲೆಯಾಡಿಸುತ್ತಾರೆ. ಉಳಿದವರಿಗೆ ನಮ್ಮ ರೈಲು ನಿಲ್ದಾಣದ ಕೋಡ್ ‘ಬಿಜೆಪಿ’ ಎಂದು ಹೇಳಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ.

ಹೆಸರು ಬದಲಾದರೆ ಗೊಂದಲ ತಪ್ಪೀತು ಎಂದುಕೊಂಡವರಲ್ಲಿ ನಾನೂ ಒಬ್ಬ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾದಾಗ ಬಿಜಾಪುರ ವಿಜಯಪುರವಾಯಿತು. ಒಂದು ಜೋಡಿಯಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಸಿಕ್ಕಿಕೊಂಡೆವು. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇದೆಯಲ್ಲ! ನಮ್ಮ ಪಿನ್ 586ರಿಂದ ಶುರು, ಅವರದು 562ರಿಂದ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರ ಮಾಡಿಕೊಂಡು ವಿಜಯನಗರ ಜಿಲ್ಲೆಯೂ ಬಂತು. ಇಲ್ಲಿನವರ ಕಿವಿಗೆ ಎಲ್ಲವೂ ವಿಜಯವಾಡ.

ಹಾಗಂತ ಇಲ್ಲಿನವರಿಗೆ ನಗುವ ಹಕ್ಕೇನಿಲ್ಲ. ನಾನಿರುವುದು ಸೆಕ್ಟರ್ 62. ಗುರುಗ್ರಾಮದಲ್ಲೂ ಒಂದು ಸೆಕ್ಟರ್ 62, ಫರೀದಾಬಾದಿನಲ್ಲೂ ಒಂದು. ಅವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಮ್ಮೆ ಗುರುಗ್ರಾಮಕ್ಕೆ ಹೋಗಿ, ನಾಲ್ಕು ದಿನ ಕೂತು, ಪುಡಿಪುಡಿಯಾಗಿ ನನ್ನ ಬಾಗಿಲಿಗೆ ಬಂತು. ನಮ್ಮ ಮೆಟ್ರೋ ಲೈನಿನ ಕೊನೆಯ ನಿಲ್ದಾಣ ನೋಯ್ಡಾ ಎಲೆಕ್ಟ್ರಾನಿಕ್ ಸಿಟಿ. ಅಲ್ಲಿ ಇಳಿದೆ ಎಂದರೆ ಬೆಂಗಳೂರಿನ ತಮ್ಮ ‘ಯಾವಾಗ ಬಂದ್ಯೋ ಅಣ್ಣಾ, ಹೇಳೇ ಇಲ್ಲ?’ ಅನ್ನುತ್ತಾನೆ. ದೆಹಲಿ ಕರ್ನಾಟಕ ಸಂಘ ಇರುವುದು ಆರ್.ಕೆ. ಪುರಂನಲ್ಲಿ. ಅದನ್ನು ಕೆ.ಆರ್. ಪುರಂ ಎಂದು ಕೇಳಿಸಿಕೊಳ್ಳದ ಬೆಂಗಳೂರಿಗನನ್ನು ನಾನಿನ್ನೂ ನೋಡಿಲ್ಲ.

ಇವೆಲ್ಲ ನಗೆಯಲ್ಲಿ ಮುಗಿಯುವ ಗೊಂದಲ. ಬಿಜಾಪುರದ್ದು ಹಾಗಲ್ಲ. 2025ರ ಜನವರಿ 6ರಂದು ಅಲ್ಲಿ ನೆಲಬಾಂಬಿಗೆ ಎಂಟು ಜವಾನರು, ಒಬ್ಬ ಚಾಲಕ ಬಲಿಯಾದಾಗಲೂ ನನಗೆ ಫೋನು ಬಂತು. ಸತ್ತವರ ಮನೆಯವರಿಗೂ ಅದು ‘ನಮ್ಮ ಬಿಜಾಪುರ’ವೇ. 2007ರಲ್ಲಿ ಜಿಲ್ಲೆಯಾದ ಆ ಊರು ಸುದ್ದಿಯಾಗುವುದು ಹೆಣ ಬಿದ್ದಾಗ ಮಾತ್ರ. ಅಲ್ಲಿನ ಸಂತೆ ಹೇಗಿರುತ್ತದೆ, ಅಲ್ಲಿನವರು ಏನು ಉಣ್ಣುತ್ತಾರೆ ಎಂಬುದು ನನಗೂ ಗೊತ್ತಿಲ್ಲ. ಇಷ್ಟು ವರ್ಷ ‘ಅದು ನಮ್ಮದಲ್ಲ’ ಎಂದು ಹೇಳಲು ಮಾತ್ರ ಆ ಊರನ್ನು ಬಳಸಿಕೊಂಡಿದ್ದೇನೆ.

ವಾಹಿನಿಗಳು ಊರಿನ ಪಕ್ಕ ರಾಜ್ಯದ ಹೆಸರನ್ನೂ ಹಾಕಲಿ, ಅದಕ್ಕೇನು ಕಾಸು ಬೀಳುವುದಿಲ್ಲ. ಆದರೆ ತಪ್ಪು ನಮ್ಮ ಬಾಯಲ್ಲೂ ಇದೆ. ಹೊರಗಿರುವ ನಾವು ಕನ್ನಡ ಬರೆಯುವಾಗ ವಿಜಯಪುರ, ಬೆಳಗಾವಿ, ಕಲಬುರಗಿ. ಹಿಂದಿಗೆ ಹೊರಳಿದೊಡನೆ ಬಿಜಾಪುರ್, ಬೆಲ್ಗಾಮ್, ಗುಲ್ಬರ್ಗಾ. ಎದುರಿನವನಿಗೆ ಸುಲಭವಾಗಲಿ ಅನ್ನುತ್ತೇವೆ. ಹತ್ತು ವರ್ಷವಾದರೂ ನಾವೇ ಹೇಳದ ಹೆಸರು ಅವನಿಗೆ ರೂಢಿಯಾಗುವುದು ಹೇಗೆ? ‘ಕರ್ನಾಟಕದ ವಿಜಯಪುರ’ ಎಂದು ಪೂರ್ತಿ ಹೇಳಬೇಕು, ಎರಡನೇ ಸಲ ಕೇಳಿದರೆ ಎರಡನೇ ಸಲವೂ.

ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಅವ್ವನ ಮುಂದೆ ಹೇಳಿದೆ. ‘ಅದೆಲ್ಲ ಇರ್ಲಿ, ನಮ್ಮ ಬಿಜಾಪುರಕ್ಕ ಯಾವಾಗ ಬರ್ತಿ?’ ಎಂದಳು.