ಸಗಣಿಹುಳುವಿನ ಲೆಕ್ಕ

“ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು” ಎಂಬುದು ಹಿರಿಯರ ಮಾತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಆದರೆ ಮಳೆಕಾಡಿನ ಮಟ್ಟಿಗೆ ಈ ಗಾದೆಯನ್ನು ಒಪ್ಪಲು ನನ್ನಿಂದಾಗದು. ಕಲಾ ವಿದ್ಯಾರ್ಥಿಗೇಕೆ ಹುಳುಗಳ ಗೊಡವೆ ಎಂದು ಮಿತ್ರರು ನಗಬಹುದು. ಚರಿತ್ರೆಯನ್ನು ಓದುವವನಿಗೆ ಹಳೆಯ ದಾಖಲೆಯ ಬೆಲೆ ತಿಳಿದಿರುತ್ತದೆ. ನನ್ನ ವಾದವೂ ಅದನ್ನು ಕುರಿತದ್ದೇ.

ಉಷ್ಣವಲಯದ ಕಾಡಿನಲ್ಲಿ ಕೋತಿಯೋ ಹಂದಿಯೋ ಮಲ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಸಗಣಿಹುಳುಗಳು ಹಾರಿಬರುತ್ತವೆ. ಕೆಲವು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುತ್ತವೆ. ಕೆಲವು ಅಲ್ಲಿಯೇ ಬಿಲ ತೋಡಿ ಹೂಳುತ್ತವೆ. ಕೆಲವು ಸಗಣಿಯೊಳಗೇ ಸಂಸಾರ ಹೂಡುತ್ತವೆ. ಇದರಿಂದ ಮಣ್ಣಿಗೆ ಗೊಬ್ಬರ, ಬೇರಿಗೆ ಗಾಳಿ. ಮಲದಲ್ಲಿದ್ದ ಹಣ್ಣಿನ ಬೀಜವೂ ಮಣ್ಣು ಸೇರಿ, ಇಲಿಗಳ ಬಾಯಿಗೆ ಬೀಳದೆ ಉಳಿಯುತ್ತದೆ. ಬೇಟೆಯಿಂದ ಪ್ರಾಣಿಗಳು ಕಡಿಮೆಯಾದರೆ ಈ ಹುಳುಗಳಿಗೆ ಅನ್ನ ತಪ್ಪುತ್ತದೆ. ಆದ್ದರಿಂದ ಇವುಗಳನ್ನು ಎಣಿಸುವುದೆಂದರೆ ಕಾಡಿನ ಯೋಗಕ್ಷೇಮವನ್ನೇ ವಿಚಾರಿಸಿದಂತೆ.

ಎಣಿಸುವ ವಿಧಾನ ಸರಳವಾದುದು. ಬಾಯಿ ನೆಲಮಟ್ಟಕ್ಕೆ ಬರುವಂತೆ ಪಾತ್ರೆಯೊಂದನ್ನು ಹೂಳಿ, ಅದರ ಮೇಲೆ ತುಸು ಮಲವನ್ನು ಬಟ್ಟೆಯಲ್ಲಿ ಕಟ್ಟಿ ತೂಗಬಿಡಬೇಕು. ಮಳೆಗೊಂದು ಮರೆ ಮಾಡಬೇಕು. ಒಂದೆರಡು ದಿನಗಳ ತರುವಾಯ ಬಿದ್ದ ಹುಳುಗಳನ್ನು ಜಾತಿವಾರು ಎಣಿಸಬೇಕು. ಎರಡು ಪಾತ್ರೆಗಳ ನಡುವೆ ಕನಿಷ್ಠ 50 ಮೀಟರ್ ಅಂತರವಿರಬೇಕೆಂದು ಲಾರ್ಸೆನ್ ಮತ್ತು ಫೋರ್ಸೈತ್ ಎಂಬ ವಿಜ್ಞಾನಿಗಳು 2005ರಲ್ಲಿ ಸೂಚಿಸಿದರು. ಕಷ್ಟವಿರುವುದು ಇದರಲ್ಲಲ್ಲ, ಅದೇ ಸ್ಥಳದಲ್ಲಿ, ಅದೇ ಋತುವಿನಲ್ಲಿ, ಅದೇ ಕ್ರಮದಲ್ಲಿ ವರ್ಷವರ್ಷವೂ ಬೇಸರಿಸದೆ ಮಾಡುವುದರಲ್ಲಿ.

ಬ್ರೆಜಿಲಿನ ಪಾರಾ ಪ್ರಾಂತದ ಸಾಂತರೆಂ ಸುತ್ತಣ ಕಾಡುಗಳಲ್ಲಿ 2010ರಲ್ಲಿ ಇಂತಹ ಎಣಿಕೆ ನಡೆದಿತ್ತು. 2015-16ರಲ್ಲಿ ಎಲ್ ನಿನೋದಿಂದ ಭೀಕರ ಬರ ಬಂದಿತು, ಕಾಡ್ಗಿಚ್ಚು ಹಬ್ಬಿತು. 2016 ಮತ್ತು 2017ರಲ್ಲಿ ಪುನಃ ಎಣಿಸಿದಾಗ ಹುಳುಗಳು ಮೊದಲಿನ ಅರ್ಧಕ್ಕಿಂತಲೂ ಕಡಿಮೆಯಾಗಿದ್ದವು. 2010ರ ಲೆಕ್ಕವೇ ಇಲ್ಲದಿದ್ದರೆ ಈ ನಷ್ಟ ಯಾರಿಗೆ ತಿಳಿಯುತ್ತಿತ್ತು? ಕಳೆದುಕೊಂಡದ್ದೂ ಅಲ್ಲದೆ, ಕಳೆದುಕೊಂಡೆವೆಂಬ ಅರಿವೂ ಇಲ್ಲದಿರುವುದು ಇಮ್ಮಡಿ ದಾರಿದ್ರ್ಯವಲ್ಲವೇ?

ಹೊಸದನ್ನು ಕಂಡುಹಿಡಿದವರಿಗೆ ಹಾರ ತುರಾಯಿಗಳುಂಟು; ಹಳೆಯ ಲೆಕ್ಕವನ್ನು ಮುಂದುವರಿಸುವವರನ್ನು ಕೇಳುವವರಿಲ್ಲ. ಕೊಟ್ಟಿಗೆಯ ಸಗಣಿ ಬಾಚುತ್ತಲೇ ನನ್ನನ್ನು ಓದಿಸಿದ ಮನೆಯವರಿಗೆ ಇದು ಹೊಸ ಸಂಗತಿಯೇನಲ್ಲ. ನಿತ್ಯದ ಕೆಲಸವನ್ನು ಯಾರೂ ಹೊಗಳುವುದಿಲ್ಲ. ನಿಂತ ದಿನ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ಮಳೆಕಾಡುಗಳಿವೆ. ಅಲ್ಲಿಯ ಸಗಣಿಹುಳುಗಳಿಗೂ ತಲೆಮಾರಿನಿಂದ ತಲೆಮಾರಿಗೆ ಸಾಗುವ ಲೆಕ್ಕದ ಪುಸ್ತಕವೊಂದು ಬೇಕು. ವಿದ್ಯಾವಂತರಾದ ನಾವು ಮೂಗು ಮುಚ್ಚಿಕೊಂಡಾದರೂ ಸರಿಯೇ, ಕಣ್ಣು ತೆರೆದು ಎಣಿಸೋಣ.